ಗದ್ದೆಯಿಲ್ಲದ ಜಾಗದಲ್ಲಿ ನೆಟ್ಟ ಬೊತ್ತು

ತಲಕಾವೇರಿಯಲ್ಲಿ ತೀರ್ಥ ಉಕ್ಕುವ ಕಾವೇರಿ ಸಂಕ್ರಮಣಕ್ಕೆ ಮೊದಲು ಕೊಡಗಿನ ಮನೆಗಳಲ್ಲಿ ಬೊತ್ತು ನೆಡುತ್ತಾರೆ. ಕೋಲಿನ ತುದಿಗೆ ಕಾಡುಬಳ್ಳಿಯನ್ನು ಬಳೆಯ ಹಾಗೆ ಸುತ್ತಿ ಗದ್ದೆಯಲ್ಲಿ, ಬಾವಿಯ ಬಳಿ ಊರುವುದು. 2018ರ ಅಕ್ಟೋಬರ್ 16ರಂದು ನನ್ನ ಗಂಡ ಬೊತ್ತು ಹಿಡಿದು ಮಕ್ಕಂದೂರಿನ ನಮ್ಮ ಜಾಗಕ್ಕೆ ಹೋದರೆ ಗದ್ದೆ ಎಲ್ಲಿತ್ತೆಂದೇ ತಿಳಿಯಲಿಲ್ಲ. ಎಲ್ಲೆಲ್ಲೂ ಕೆಂಪು ಮಣ್ಣು, ಬುಡಮೇಲಾದ ಸಿಲ್ವರ್ ಮರಗಳು, ಬಂಡೆ. ಎದುರು ಗುಡ್ಡದಲ್ಲಿ ಉಳಿದಿದ್ದ ಒಂದು ಮರವನ್ನು ನೋಡಿ, ಅಂದಾಜಿನ ಮೇಲೆ ಊರಿ ಬಂದರು.

ಆ ವರ್ಷದ ಆಗಸ್ಟ್ 3ಕ್ಕೆ, ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರಂದು, ಎಲ್ಲರೂ ಕೂತು ಮದ್ದುಸೊಪ್ಪಿನ ಪಾಯಸ ಉಂಡಿದ್ದೆವು. ಕಕ್ಕಡದ ಮಳೆ ನಮಗೆ ಹೊಸದಲ್ಲ. ದಿನವೂ ಮಳೆಯನ್ನು ಇಂಚಿನಲ್ಲಿ ಅಳೆದು ಬರೆದಿಡುವ ಜನ ನಾವು. ಆಗಸ್ಟ್ ನಡುವಿನ ವಾರ ಮಾವ ಬರೆಯುವುದನ್ನೇ ಬಿಟ್ಟರು. ಆಗಸ್ಟ್ 16ರ ರಾತ್ರಿ ಮನೆಯ ಹಿಂದಿನ ಬರೆಯಿಂದ, ಅಂದರೆ ಕಡಿದಾದ ಮಣ್ಣಿನ ದಂಡೆಯಿಂದ, ಕೆಸರುನೀರು ಚಿಮ್ಮತೊಡಗಿತು. ವಾರಗಟ್ಟಲೆ ನೀರು ಕುಡಿದ ಮಣ್ಣು ಇನ್ನು ಹಿಡಿದಿಟ್ಟುಕೊಳ್ಳಲಾರದೆ ಜರಿಯುವ ಸೂಚನೆ ಅದು ಎಂದು ತಿಳಿದದ್ದು ಆಮೇಲೆ. ಆಗ ನಮಗೆ ಕೇಳಿದ್ದು ಬೆಟ್ಟದೊಳಗೆ ಕಲ್ಲು ಉರುಳುವ ಸದ್ದು. ಕೊಟ್ಟಿಗೆಯ ಹಗ್ಗ ಕತ್ತರಿಸಿ ಹಸುಗಳನ್ನು ಬಿಟ್ಟೆವು. ಇಬ್ಬರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಕಾಫಿ ಗಿಡಗಳನ್ನು ಹಿಡಿಹಿಡಿದು ಇಳಿದೆವು. ಕತ್ತಲಲ್ಲಿ ಅತ್ತೆಯ ದನಿ ಮಾತ್ರ ಕೇಳುತ್ತಿತ್ತು: “ಅಮ್ಮಾ ಕಾವೇರಿ, ಈ ಆರು ಜೀವವನ್ನು ರಸ್ತೆಗೆ ಮುಟ್ಟಿಸು. ತೀರ್ಥೋದ್ಭವಕ್ಕೆ ಆರು ಜನವೂ ಬಂದು ನಿನ್ನ ಮುಂದೆ ನಿಲ್ಲುತ್ತೇವೆ.”

ಬೆಳಕು ಹರಿಯುವಾಗ ರಸ್ತೆ ಸಿಕ್ಕಿತು. ತಿರುಗಿ ನೋಡಿದರೆ ಮನೆ ಇರಲಿಲ್ಲ.

ಮಡಿಕೇರಿಯ ಪರಿಹಾರ ಕೇಂದ್ರ, ಆಮೇಲೆ ಕುಶಾಲನಗರದಲ್ಲಿ ಬಾಡಿಗೆಯ ಎರಡು ಕೋಣೆ. ಸಂಕ್ರಮಣ ಹತ್ತಿರ ಬಂದಾಗ ನಾನು ಬರುವುದಿಲ್ಲವೆಂದೆ. ನೀರೇ ಎಲ್ಲವನ್ನೂ ಒಯ್ದಿರುವಾಗ ನೀರಿಗೆ ಕೈಮುಗಿಯಲು ನನ್ನಿಂದಾಗದು ಎಂದೆ. ಅತ್ತೆ ಸಿಟ್ಟಾಗಲಿಲ್ಲ. “ಹರಕೆ ಹೇಳಿದ್ದು ಆರು ಜನರ ಲೆಕ್ಕದಲ್ಲಿ. ಐದು ಜನ ಹೋದರೆ ಸಾಲ ಉಳಿಯುತ್ತದೆ ಮಗಳೇ” ಎಂದರು. ಹೋದೆ.

ಭಾಗಮಂಡಲದ ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ನಮಸ್ಕರಿಸಿ ತಲಕಾವೇರಿಯ ಬೆಟ್ಟ ಹತ್ತಿದೆವು. ಅತ್ತೆ ಯಾರದೋ ಸೀರೆಯನ್ನು ಕೇಳಿ ತಂದು, ನೆರಿಗೆಯನ್ನು ಹಿಂದಕ್ಕೆ ಬಿಟ್ಟು ಕೊಡಗಿನ ರೀತಿಯಲ್ಲಿ ಉಟ್ಟಿದ್ದರು. ಬಲಮುರಿಯಲ್ಲಿ ತಡೆಯಲು ನಿಂತ ಹೆಂಗಸರ ನೆರಿಗೆಯನ್ನು ಕಾವೇರಿಯ ರಭಸವೇ ಹಿಂದಕ್ಕೆ ತಳ್ಳಿತು ಎಂಬ ಕತೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅಗಸ್ತ್ಯರ ಕಮಂಡಲದಲ್ಲಿಯೂ ಅವಳು ನಿಲ್ಲಲಿಲ್ಲ. ತಾಯಿಯೆಂದು ಕರೆಯುವಾಗಲೂ ನಮ್ಮ ಹಿರಿಯರು ಅವಳನ್ನು ಹಿಡಿದಿಡಬಹುದೆಂದು ಎಂದೂ ಹೇಳಲಿಲ್ಲ. ಆ ಕತೆಗಳ ಈ ಮುಖವನ್ನು ನಾನು ಅಷ್ಟು ದಿನ ಗಮನಿಸಿಯೇ ಇರಲಿಲ್ಲ.

ಅಕ್ಟೋಬರ್ 17ರ ಸಂಜೆ ಕಾವೇರಿಯ ಮೂಲವಾದ ಬ್ರಹ್ಮಕುಂಡಿಕೆಯಲ್ಲಿ ನೀರು ಉಕ್ಕಿದಾಗ “ಜೈ ಜೈ ಮಾತಾ, ಕಾವೇರಿ ಮಾತಾ” ಎಂಬ ಕೂಗು ಬೆಟ್ಟವನ್ನೇ ತುಂಬಿತು. ತೀರ್ಥದ ಹನಿ ಮುಖಕ್ಕೆ ಬಿದ್ದಾಗ ನನಗೆ ಹಟ್ಟಿಹೊಳೆ ನೆನಪಾಯಿತು. ನಮ್ಮ ಗುಡ್ಡದ ಮಣ್ಣು ಹೊಳೆಗೆ ಬಿದ್ದು, ಹಾರಂಗಿಗೆ ಹರಿದು, ಕೂಡಿಗೆಯಲ್ಲಿ ಕಾವೇರಿಯನ್ನು ಸೇರಿರಬೇಕು. ಅತ್ತೆಯ ತೂಗುದೀಪ, ಮಾವನ ಮಳೆಪುಸ್ತಕ ಎಲ್ಲವೂ ಅವಳ ದಾರಿಯಲ್ಲಿಯೇ ಹೋಗಿವೆ. ಆಗ ನನಗೆ ನಿಲ್ಲಿಸಲಾಗದಷ್ಟು ಅಳು ಬಂತು. ಕೋಪದ ಅಳುವೋ ಭಕ್ತಿಯ ಅಳುವೋ, ಬೇರೆ ಮಾಡಲು ಬರಲಿಲ್ಲ.

ಹರಕೆಯೇ ನಮ್ಮನ್ನು ಉಳಿಸಿತು ಎಂದು ಹೇಳಲು ನನಗೆ ಭಯ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟವೇ ಕುಸಿದು ಅಲ್ಲಿಯ ಅರ್ಚಕರ ಮನೆಯನ್ನು, ಮನೆಯೊಳಗಿದ್ದವರನ್ನು ಒಯ್ದಿತು. ದಿನವೂ ಅವಳನ್ನು ಪೂಜಿಸಿದ ಕೈಗಳು ಅವು. ಅಂದು ಅತ್ತೆ ದೀಪದ ಮುಂದೆ ಕೂತರು, ಅವಳನ್ನು ಏನೂ ಕೇಳಲಿಲ್ಲ.

2018ರಲ್ಲಿ ತೀರ್ಥ ತಂದ ಮರುದಿನ ಬೆಳಿಗ್ಗೆ ಬಾಡಿಗೆ ಮನೆಯಲ್ಲಿ ಕಣಿಪೂಜೆ. ಸಂತೆಯಿಂದ ತಂದ ಸೌತೆಕಾಯಿ, ಸ್ಟೀಲ್ ತಟ್ಟೆಯಲ್ಲಿ ಅಕ್ಕಿ, ಕೆಂಪು ರವಿಕೆ ಬಟ್ಟೆ. ಸೌತೆಕಾಯಿಯೇ ಕಾವೇರಮ್ಮ, ಅವಳಿಗೆ ಮನೆಯ ಒಡವೆ ತೊಡಿಸಬೇಕು. ಒಡವೆಯೆಲ್ಲ ಮಣ್ಣಿನಡಿಯಲ್ಲಿತ್ತು. ಅತ್ತೆ ತಮ್ಮ ಕತ್ತಿನ ಕರಿಮಣಿಯನ್ನು ತೆಗೆದು ಸೌತೆಕಾಯಿಗೆ ಹಾಕಿದರು. ಮಾವ ಬೇಡವೆನ್ನಲು ಬಾಯಿ ತೆರೆದು ಸುಮ್ಮನಾದರು. ಒಬ್ಬೊಬ್ಬರಾಗಿ ಅಕ್ಕಿ ಹಾಕಿ ನಮಸ್ಕರಿಸಿದೆವು. ದೋಸೆ, ಕುಂಬಳಕಾಯಿ ಪಲ್ಯ ಆಯಿತು. ಮಧ್ಯಾಹ್ನ ಅತ್ತೆ ಕರಿಮಣಿಯನ್ನು ಕಣ್ಣಿಗೊತ್ತಿಕೊಂಡು ಮತ್ತೆ ಹಾಕಿಕೊಂಡರು.

ತೀರ್ಥವನ್ನು ವರ್ಷವಿಡೀ ಮನೆಯಲ್ಲಿಟ್ಟು, ಕೊನೆಯುಸಿರು ಎಳೆಯುವವರ ಬಾಯಿಗೆ ಬಿಡುವುದು ನಮ್ಮ ವಾಡಿಕೆ. ಹಳೆಯ ಮನೆಯಲ್ಲಿ ಅದು ದೇವರ ಕೋಣೆಯಲ್ಲಿ ಇರುತ್ತಿತ್ತು. ಈಗ ಕಕ್ಕಡ ಹಿಡಿಯುತ್ತಲೇ ಅತ್ತೆ ಆ ಸಣ್ಣ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಆಧಾರ್ ಕಾರ್ಡು, ಟಾರ್ಚು, ಮಕ್ಕಳ ಸ್ವೆಟರ್ ಇರುವ ಚೀಲದಲ್ಲಿ ಹಾಕಿ ಬಾಗಿಲ ಪಕ್ಕ ತೂಗುಹಾಕುತ್ತಾರೆ.