ಕೈಹಿಡಿ ಇರುವ ಬೆಂಚು

ಮಡಿಕೇರಿ
ಜನವರಿ 30, 2024, ಮಂಗಳವಾರ

ನಾನು ಏಳುವಷ್ಟರಲ್ಲಿ ಅಪ್ಪ ಬಿಳಿ ಪಂಚೆ ಉಟ್ಟು, ಮೇಲೊಂದು ಸ್ವೆಟರ್ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಈ ದಿನ ಅವರನ್ನು ಯಾರೂ ಎಬ್ಬಿಸಬೇಕಾಗಿಲ್ಲ. ನಮ್ಮೂರಿನ ಖಜಾನೆಯಲ್ಲಿ ಗಾಂಧೀಜಿಯ ಚಿತಾಭಸ್ಮ ಇದೆ. ಪ್ರತಿ ಜನವರಿ 30ಕ್ಕೆ ಅದನ್ನು ಹೊರಗೆ ತಂದು, ಮೆರವಣಿಗೆಯಲ್ಲಿ ಗಾಂಧಿ ಮಂಟಪಕ್ಕೆ ಒಯ್ಯುತ್ತಾರೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ನಮ್ಮಜ್ಜ ದೂರದಿಂದ ನೋಡಿದ್ದರಂತೆ. ಅಪ್ಪನಿಗೆ ಅಷ್ಟೇ ಸಾಕು, ಒಂದು ವರ್ಷವೂ ತಪ್ಪಿಸುವುದಿಲ್ಲ.

ಪ್ರಾರ್ಥನೆ ಮುಗಿಯಿತು. ಜನ ಚದುರಿದರು. ಅಪ್ಪ ಮಾತ್ರ ಮೈದಾನ ನೋಡುತ್ತಾ ನಿಂತಿದ್ದರು. ದಸರಾ ಬಂದರೆ ಇದೇ ಗಾಂಧಿ ಮೈದಾನದಲ್ಲಿ ವೇದಿಕೆ ಏಳುತ್ತದೆ, ಹಾಡು, ನಾಟಕ, ಕವಿಗೋಷ್ಠಿ. ವಿಜಯದಶಮಿಯ ರಾತ್ರಿ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳ ಮೆರವಣಿಗೆ, ನೋಡಲು ಬಂದವರಿಗೆ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಉಳಿದ ದಿನ ಹುಡುಗರ ಆಟ. ಒಂದೇ ಜಾಗ, ಎಷ್ಟು ಕೆಲಸ!

"ರಾಜಾಸೀಟಿಗೆ ಹೋಗೋಣವಾ?" ಎಂದರು. ದೂರವೇನಿಲ್ಲ. ಆದರೆ ಅಪ್ಪನ ಮಂಡಿಗೆ ಅದು ದೂರವೇ. ನಡುವೆ ಅಂಗಡಿಯವರೊಬ್ಬರು ಸ್ಟೂಲ್ ಕೊಟ್ಟರು. ಅವರಿಗೆ ಪುಣ್ಯ ಬರಲಿ.

ಬೆಳಗಿನ ರಾಜಾಸೀಟ್ ಬೇರೆಯೇ. ಸಂಜೆ ಸೂರ್ಯ ಮುಳುಗುವುದನ್ನು ನೋಡುವವರ ಗದ್ದಲ, ಸಂಗೀತ ಕಾರಂಜಿ. ಈಗ ಬರೀ ಮಂಜು. ಹಿಂದೆ ಕೊಡಗಿನ ಅರಸರು ಕೂರುತ್ತಿದ್ದ ಆ ಪುಟ್ಟ ಮಂಟಪದ ಕಂಬಗಳಷ್ಟೇ ಕಾಣುತ್ತಿದ್ದವು. ಕೆಳಗಿನ ಕಣಿವೆ ಇನ್ನೂ ಎದ್ದಿರಲಿಲ್ಲ.

ಹಿಂದಿರುಗುವಾಗ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿತು. ವಯಸ್ಸಾದವರು ಕಾಲು ಎಷ್ಟು ದೂರ ಒಯ್ಯುತ್ತದೋ ಅಷ್ಟು ನಡೆಯುವುದಿಲ್ಲ. ಮುಂದಿನ ಕೂರುವ ಜಾಗ ಎಲ್ಲಿದೆಯೋ ಅಲ್ಲಿಯವರೆಗೆ ನಡೆಯುತ್ತಾರೆ. ಬರೀ ಕಲ್ಲುಕಟ್ಟೆ ಸಾಲದು. ಒರಗಲು ಬೆನ್ನು ಬೇಕು, ಏಳುವಾಗ ಊರಲು ಎರಡೂ ಬದಿ ಕೈಹಿಡಿ ಬೇಕು. ಅಪ್ಪ ಕೂರಲು ಕಷ್ಟಪಡುವುದಿಲ್ಲ, ಏಳಲು ಕಷ್ಟಪಡುತ್ತಾರೆ. ಶುಕ್ರವಾರದ ಸಂತೆಗೆ ತೋಟಗಳಿಂದ ಬರುವ ಹೆಂಗಸರು ಚೀಲ ಇಟ್ಟು ಸುಮ್ನೆ ಹತ್ತು ನಿಮಿಷ ಕೂರಬೇಕು ಅಂದರೂ ಇದೇ ಬೇಕಲ್ವಾ?

ಇನ್ನೊಂದು, ಶೌಚಾಲಯ. ಕಳೆದ ತಿಂಗಳು ಬೇರೊಂದು ಊರಿನ ಪಾರ್ಕಿನಲ್ಲಿ ಅದಕ್ಕೆ ಬೀಗ ಹಾಕಿತ್ತು. ಕೀಲಿ ಯಾರ ಹತ್ತಿರ ಅಂತ ಹುಡುಕುವಷ್ಟರಲ್ಲಿ ಅಪ್ಪನ ಮುಖ ಸಣ್ಣಗಾಗಿತ್ತು. ಆಮೇಲೆ ಅವರು ಮೂರು ವಾರ ಹೊರಗೆ ಬರಲೇ ಒಪ್ಪಲಿಲ್ಲ. ಅದಕ್ಕಿಂತ ಜಾಸ್ತಿ ನನಗೆ ನೋವಾದದ್ದು ಬೇರೆ ಯಾವುದೂ ಇಲ್ಲ.

ರಾತ್ರಿ ಊಟ ಆದಮೇಲೆ ಅರ್ಜಿ ಬರೆಯಲು ಕೂತೆ. ಮೈದಾನದಿಂದ ರಾಜಾಸೀಟಿನವರೆಗೆ ನಾಲ್ಕು ಬೆಂಚು, ಮಕ್ಕಳಿಗೂ ಕೈಗೆಟುಕುವ ಒಂದು ಕುಡಿಯುವ ನೀರಿನ ನಲ್ಲಿ. ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. "ನಾಲ್ಕಲ್ಲ, ಐದು ಅಂತ ಬರಿ" ಎಂದು ಹೇಳಿ, ಕೆಳಗೆ ಮೊದಲ ಸಹಿ ಹಾಕಿದರು.