ಕಿವಿ ಕತ್ತರಿಸದೆ ಬಿಟ್ಟ ಬೆಕ್ಕು

ನಾನು ಚಿಕ್ಕಮಗಳೂರಿನ ಒಂದು ಪೆಟ್ ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್. ವಾರವೆಲ್ಲ ಲ್ಯಾಬ್ರಡಾರ್ ಉಗುರು, ಪಗ್ ಕಿವಿ, ಪಾರ್ವೋ ರೋಗದ ನಾಯಿಗೆ ಡ್ರಿಪ್. ಭಾನುವಾರ ಸಂಬಳವಿಲ್ಲದ ಕೆಲಸ. ಬೀದಿ ಬೆಕ್ಕುಗಳನ್ನು ಬೋನಿನಲ್ಲಿ ಹಿಡಿದು ತಂದು, ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ಹಿಡಿದ ಜಾಗದಲ್ಲೇ ವಾಪಸ್ ಬಿಡುವುದು. ನಮ್ಮ ಡಾಕ್ಟರ್ ಮೇಡಂ ಇದಕ್ಕೆ ಫೀಸು ತೆಗೆದುಕೊಳ್ಳುವುದಿಲ್ಲ. ಔಷಧಿ ಖರ್ಚು, ಬೋನು ಎಲ್ಲ ಒಂದು ಟ್ರಸ್ಟಿನದು. ಟ್ರಸ್ಟಿನ ಜೊತೆ ಅವರ ಗೂಗಲ್ ಫಾರ್ಮ್ ಕೂಡ ಗಂಟು ಬಿದ್ದಿದೆ. ಅದನ್ನು ಆಮೇಲೆ ಬೈಯುತ್ತೇನೆ.

ಬೆಕ್ಕು ಹಿಡಿಯುವುದು ಜನ ಅಂದುಕೊಂಡಷ್ಟು ಕಷ್ಟ ಅಲ್ಲ. ಹಿಂದಿನ ದಿನ ಯಾರೂ ಊಟ ಹಾಕಬಾರದು. ಬೋನಿನ ಒಳಗೆ, ತುಳಿದರೆ ಬಾಗಿಲು ಬೀಳುವ ಹಲಗೆಯ ಆಚೆ ವಾಸನೆ ಬರುವ ಮೀನು ಇಡಬೇಕು. ಬಾಗಿಲು ಬಿದ್ದ ತಕ್ಷಣ ಮೇಲೆ ಬೆಡ್‌ಶೀಟ್ ಮುಚ್ಚಬೇಕು. ಕತ್ತಲಾದರೆ ಎಂಥ ರೌಡಿ ಗಂಡು ಬೆಕ್ಕೂ ಸುಮ್ಮನಾಗುತ್ತದೆ. ತಲೆನೋವು ಇರುವುದು ಊಟ ಹಾಕುವವರ ಜೊತೆ ಮಾತಾಡುವುದರಲ್ಲಿ.

ಬಸವನಹಳ್ಳಿ ಕಡೆ ಒಬ್ಬರು ಅಮ್ಮ ಇದ್ದಾರೆ. ಅವರ ಹಿತ್ತಲಿಗೆ ಬರುವ ಬೂದು ಪಟ್ಟೆಯ ಹೆಣ್ಣು ಬೆಕ್ಕು ವರ್ಷವಿಡೀ ಮರಿ ಹಾಕುತ್ತಿತ್ತು. ಬೆಕ್ಕಿಗೆ ಗಬ್ಬದ ಅವಧಿ ಸುಮಾರು 9 ವಾರ ಅಷ್ಟೇ. ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರುತ್ತದೆ. ಅಮ್ಮನಿಗೂ ಸಾಕಾಗಿತ್ತು. ಆಪರೇಷನ್ನಿಗೆ ಒಪ್ಪಿದರು. ಕಿವಿಗೆ ಒಪ್ಪಲಿಲ್ಲ.

"ಹೊಟ್ಟೆ ಕೊಯ್ದರೆ ಕೊಯ್ಕೊಳ್ಳಿ. ಕಿವಿಗೆ ಮಾತ್ರ ಕತ್ತರಿ ಹಾಕ್ಬೇಡಪ್ಪ. ದಿನಾ ಬೆಳಿಗ್ಗೆ ಎದ್ದು ಅದರ ಮುಖ ನೋಡೋಳು ನಾನು."

ಬೀದಿ ಬೆಕ್ಕಿಗೆ ಆಪರೇಷನ್ ಆದಾಗ, ಅದೇ ಮತ್ತಿನಲ್ಲಿ ಇರುವಾಗಲೇ ಕಿವಿಯ ತುದಿಯನ್ನು ನೇರವಾಗಿ ಕತ್ತರಿಸುತ್ತೇವೆ. ನಾವು ಮಾಡುವುದು ಎಡಗಿವಿಗೆ, ಹೆಚ್ಚೆಂದರೆ ಒಂದು ಸೆಂಟಿಮೀಟರ್. ಕಾಂಪೌಂಡ್ ಮೇಲೆ ಕೂತಿರುವಾಗ ದೂರದಿಂದಲೇ ಗೊತ್ತಾಗುತ್ತದೆ, ಇದಕ್ಕೆ ಆಗಿದೆ, ಮತ್ತೆ ಹಿಡಿಯಬೇಕಿಲ್ಲ ಅಂತ. ಈ ಭಾಷಣ ನನಗೆ ಬಾಯಿಪಾಠ. ಎಲ್ಲರಿಗೂ ಒಪ್ಪಿಸುತ್ತೇನೆ. ಅವತ್ತು ಅಮ್ಮನ ಅಕ್ಕಿ ರೊಟ್ಟಿ ಬಾಯಲ್ಲಿತ್ತು. "ಆಯ್ತಮ್ಮಾ" ಅಂದುಬಿಟ್ಟೆ. ಅವರೇ ಎತ್ತಿ ಬುಟ್ಟಿಗೆ ಹಾಕಿ ಮೇಲೆ ಬಟ್ಟೆ ಕಟ್ಟಿ ಕೊಟ್ಟರು. ಆ ವಾರ ಮೇಡಂ ರಜೆ, ಹೊರಗಿನಿಂದ ಒಬ್ಬ ಡಾಕ್ಟರ್ ಬಂದಿದ್ದರು. ಸ್ಲಿಪ್‌ನಲ್ಲಿ "ಸಾಕಿದ ಬೆಕ್ಕು" ಅಂತ ಬರೆದೆ. ಕಿವಿ ಉಳಿಯಿತು, ಎಲ್ಲರಿಗೂ ಖುಷಿ.

ಅದು ಚಳಿಗಾಲದ ಮಾತು. ಜುಲೈ ಬಂತು, ಬಿಡದ ಮಳೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಭೂತಾಯಿ ಮೀನಿನ ರೇಟು ಕೇಳಿದರೆ ಬೆಕ್ಕಿಗಿರಲಿ ನಮಗೂ ಬೇಡ ಅನಿಸುತ್ತದೆ. ಹಾಗಾಗಿ ಒಣ ಮೀನು ಹುರಿದು ಬೋನಿಗೆ ಇಡುತ್ತಿದ್ದೆವು. ಆಗ ಮೀನಿನ ಅಂಗಡಿಯಣ್ಣ ಫೋನ್ ಮಾಡಿದ. "ಹೊಸ ಬೆಕ್ಕು ಬಂದಿದೆ ಸರ್. ಹೊಟ್ಟೆ ನೋಡಿದರೆ ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಬೇಗ ಬನ್ನಿ."

ಹೊಸ ಬೆಕ್ಕು ಸಾಮಾನ್ಯವಾಗಿ ಬೋನಿನ ಸುತ್ತ ಸುತ್ತಿ, ಮೂಸಿ, ಕೂತು ಯೋಚನೆ ಮಾಡುತ್ತದೆ. ಇದು ಮದುವೆ ಊಟಕ್ಕೆ ಬಂದ ನೆಂಟರ ಹಾಗೆ ನೇರ ಒಳಗೆ ನಡೆಯಿತು. ಒಮ್ಮೆ ಸಿಕ್ಕಿಬಿದ್ದ ಬೆಕ್ಕು ಬೋನಿನ ಹತ್ತಿರ ಸುಳಿಯುವುದು ಕಡಿಮೆ. ಹಾಗಾಗಿ ಇದು ಹೊಸದೇ ಅಂತ ಲೆಕ್ಕ ಹಾಕಿದೆ. ಬುಟ್ಟಿಯಲ್ಲಿ ಬಂದ ಬೆಕ್ಕಿಗೆ ಬೋನು ಹೇಗೆ ಗೊತ್ತಿರುತ್ತದೆ ಅನ್ನುವುದು ತಲೆಗೆ ಬರಲಿಲ್ಲ. ಬೂದು ಪಟ್ಟೆಯ ಬೆಕ್ಕುಗಳು ಊರ ತುಂಬ ಇವೆ, ನನಗೆ ಎಲ್ಲ ಒಂದೇ ಥರ ಕಾಣುತ್ತವೆ.

ತೂಕ 4 ಕೆಜಿ ದಾಟಿತ್ತು. ನಮ್ಮ ಬೀದಿಯ ಹೆಣ್ಣು ಬೆಕ್ಕು 3 ಕೆಜಿ ಆಸುಪಾಸು ಇರುತ್ತದೆ. ಮತ್ತಿನ ಔಷಧಿ ಏರಿದ ಮೇಲೆ ಮೇಡಂ ಹೊಟ್ಟೆ ಮುಟ್ಟಿ ನೋಡಿದರು. "ಮರಿ ಸಿಗ್ತಿಲ್ಲ. ಬರೀ ಕೊಬ್ಬು."

"ಶುರುವಿನ ಗಬ್ಬ ಇರಬಹುದು ಮೇಡಂ."

ಅಸಿಸ್ಟೆಂಟ್ ಇಂಥ ಮಾತು ಆಡಬಾರದು. ಆಪರೇಷನ್ ಆದ ಬೆಕ್ಕು ಚೆನ್ನಾಗಿ ತಿಂದು ದಪ್ಪ ಆಗುತ್ತದೆ ಅಂತ ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ.

ಎಡ ಪಕ್ಕೆಗೆ ಕ್ಲಿಪ್ಪರ್ ಓಡಿಸಿದೆ. ಕೂದಲು ಹೋದ ಮೇಲೆ ಒಂದು ಗೆರೆ ಕಂಡಿತು. ಬೆಳ್ಳಗೆ, ನೂಲಿನಷ್ಟು ಸಣ್ಣ, ಹೆಬ್ಬೆರಳಿನ ಉಗುರಿನಷ್ಟು ಉದ್ದ. ಬೆರಳಾಡಿಸಿದರೆ ಗೊತ್ತೇ ಆಗುತ್ತಿರಲಿಲ್ಲ. ಮೇಡಂ ಆ ಕಡೆ ಗ್ಲೌಸ್ ಹಾಕುತ್ತಾ "ಏನದು?" ಅಂದರು. "ಜಗಳದ ಗಾಯ ಮೇಡಂ" ಅಂದೆ. ಮೇಲೆ ಅಯೋಡಿನ್ ಬಳಿದೆ. ಚರ್ಮವೆಲ್ಲ ಕಂದು ಬಣ್ಣಕ್ಕೆ ತಿರುಗಿತು, ಗೆರೆ ಮಾಯ.

ಮೇಡಂ ಮಾತಾಡುತ್ತಲೇ ಆಪರೇಷನ್ ಮಾಡುವವರು. ಮಗನ ಟ್ಯೂಷನ್, ಕಾಫಿ ರೇಟು, ಪಕ್ಕದ ಮನೆಯವರ ಪಾರ್ಕಿಂಗ್. ಚಿಕ್ಕ ಕೊಯ್ತ, ಗರ್ಭಕೋಶ ಎಳೆಯುವ ಕೊಕ್ಕೆ (ಸ್ಪೇ ಹುಕ್) ಒಳಗೆ, ಗರ್ಭಕೋಶದ ಕವಲು ಹೊರಗೆ. ಮಾತು ಮುಗಿಯುವ ಮೊದಲು ಹೊಲಿಗೆ ಮುಗಿದಿರುತ್ತದೆ. ಅವತ್ತು ಹುಕ್ ಹಾಕಿದರೆ ಕೊಬ್ಬು ಬಂತು. ಮತ್ತೆ ಹಾಕಿದರೆ ಕರುಳು. ಮತ್ತೆ ಕೊಬ್ಬು. ಕಾಫಿ ರೇಟಿನ ಹತ್ತಿರ ಮಾತು ನಿಂತುಹೋಯಿತು.

"ಉಸಿರು ನೋಡ್ತಿದ್ದೀಯಾ?"

"ನೋಡ್ತಿದ್ದೀನಿ ಮೇಡಂ."

ಕೊಯ್ತ ದೊಡ್ಡದು ಮಾಡಿದರು. ಬೆಕ್ಕಿನ ಮೀಸೆ ಅಲುಗಿತು, ಔಷಧಿಯ ಮತ್ತು ಇಳಿಯುತ್ತಿದೆ ಅಂತ ಅರ್ಥ. ಟಾಪ್ ಅಪ್ ಕೊಟ್ಟೆವು. ಆಮೇಲೆ ಉಸಿರು ಎಷ್ಟು ನಿಧಾನ ಆಯಿತೆಂದರೆ, ಪಕ್ಕೆ ಏಳುವುದನ್ನು ಕಾಯುತ್ತಾ ನನ್ನ ಉಸಿರೂ ಹಿಡಿದಿತ್ತು. ಮತ್ತಿಗೆ ಕೆಟಮಿನ್ ಔಷಧಿ ಕೊಟ್ಟ ಬೆಕ್ಕು ಕಣ್ಣು ಮುಚ್ಚುವುದಿಲ್ಲ. ನಾವು ಹಾಕಿದ ಜೆಲ್ ಮೆತ್ತಿಕೊಂಡು ಎರಡು ಕಣ್ಣೂ ನನ್ನನ್ನೇ ನೋಡುತ್ತಿದ್ದವು. ಥರ್ಮಾಮೀಟರ್ ಇಟ್ಟೆ. ಬೆಕ್ಕಿನ ಮೈ ಬಿಸಿ ಮಾಮೂಲಿಗೆ 101-102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಇದು 96. ಖಾಲಿ ಸಲೈನ್ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಎರಡೂ ಪಕ್ಕಕ್ಕೆ ಇಟ್ಟೆ. ತಗಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಮೇಡಂ ಹೇಳುವುದು ಅರ್ಧ ಕೇಳುತ್ತಿರಲಿಲ್ಲ.

ಕೊನೆಗೆ ಅವರು ಮೂತ್ರಕೋಶ ಪಕ್ಕಕ್ಕೆ ಸರಿಸಿ ಅದರ ಅಡಿ ನೋಡಿದರು. ಅಲ್ಲಿ ಒಂದು ಮೊಂಡು ಇತ್ತು. ಕತ್ತರಿಸಿ ಕಟ್ಟಿದ ಗರ್ಭಕೋಶದ ಬುಡ.

"ಇದಕ್ಕೆ ಆಗಿದೆಯಲ್ಲಪ್ಪಾ."

ನಾನು ಮಾತಾಡಲಿಲ್ಲ.

"ಜಗಳದ ಗಾಯ ಇಷ್ಟು ನೆಟ್ಟಗೆ ಇರುತ್ತಾ?"

ಅದಕ್ಕೂ ಮಾತಾಡಲಿಲ್ಲ.

"ನಿನ್ನ ಲಿಸ್ಟಲ್ಲಿ ಕಿವಿ ಬಿಟ್ಟ ಬೆಕ್ಕು ಯಾವುದಾದ್ರೂ ಇದ್ಯಾ?"

ಹೇಳಲೇಬೇಕಾಯಿತು. ಅಕ್ಕಿ ರೊಟ್ಟಿ ವಿಷಯ ಹೇಳಲಿಲ್ಲ. ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು. ಹೊಲಿಗೆ ಮುಗಿಸಿ, ಎಡಗಿವಿಗೆ ಕ್ಲಾಂಪ್ ಹಾಕಿ, ತುದಿ ಕತ್ತರಿಸಿದರು. ಅದಕ್ಕೆ ಒಂದು ನಿಮಿಷ ಕೂಡ ಹಿಡಿಯಲಿಲ್ಲ. ಬೆಕ್ಕು ಎದ್ದು ಕೂರಲು ಸಂಜೆ ಆಯಿತು. ಗಾಯ ದೊಡ್ಡದಾಗಿದ್ದರಿಂದ ಇನ್ನೂ ಕೆಲವು ದಿನ ಕ್ಲಿನಿಕ್‌ನಲ್ಲೇ ಇಟ್ಟುಕೊಂಡು ನನ್ನ ಕೈ ಕಂಡರೆ ಬುಸ್ ಅನ್ನಿಸಿಕೊಂಡೆ.

ಅಮ್ಮನ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ಕಿವಿ ನೋಡಿದರು, ಪಕ್ಕೆ ನೋಡಿದರು, ನನ್ನನ್ನು ನೋಡಿದರು. "ನಾನೇನೋ ತಿಳೀದೆ ಹೇಳಿದೆ. ನೀನ್ಯಾಕಪ್ಪಾ ನನ್ನ ಮಾತು ಕೇಳಿದೆ? ಕೆಲಸ ಗೊತ್ತಿರೋದು ನಿನಗಾ, ನನಗಾ?" ಆಮೇಲೆ ತಿಳಿಯಿತು, ಬೆಳಿಗ್ಗೆ ಅಮ್ಮನ ಹಾಲು, ಮಧ್ಯಾಹ್ನ ಅಂಗಡಿಯಣ್ಣನ ಮೀನಿನ ತಲೆ. ಇಲ್ಲಿ ಅದರ ಹೆಸರು ಚಿನ್ನಿ. ಅಲ್ಲಿ ರಾಜ.

ಈಗ ನನ್ನ ಲೆಕ್ಕ ಇಷ್ಟೇ. ಹೊರಗೆ ಓಡಾಡುವ ಬೆಕ್ಕಾದರೆ, ಯಾರ ಮನೆಯಲ್ಲಿ ಎಷ್ಟೇ ಹಾಲು ಕುಡಿಯಲಿ, ಕಿವಿ ಬೇಡ ಅಂದರೆ ಆಪರೇಷನ್ ಬುಕಿಂಗ್ ಇಲ್ಲ. ಗಂಡಿಗಾದರೆ ಬಾಲ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಹೆಣ್ಣಿಗೆ ಹೊರಗಿನಿಂದ ಆ ಕಿವಿ ಬಿಟ್ಟರೆ ಬೇರೆ ಗುರುತಿಲ್ಲ. ಕ್ಲಿಪ್ಪರ್ ಹಿಡಿಯುವ ಹುಡುಗರಿಗೂ ಹೇಳಿದ್ದೇನೆ, ನೆಟ್ಟಗಿರುವ ಗೆರೆ ಕಂಡರೆ ಅಯೋಡಿನ್ ಡಬ್ಬಿ ಮುಟ್ಟಬೇಡಿ, ಮೊದಲು ಮೇಡಂ ಕರೆಯಿರಿ.

ಇನ್ನು ಫಾರ್ಮ್. ಅದರಲ್ಲಿ ಬೆಕ್ಕಿನ ಬಣ್ಣಕ್ಕೆ ಆಯ್ಕೆ ಇದೆ, ಸ್ವಯಂಸೇವಕರ ಟೀ ಶರ್ಟ್ ಸೈಜಿಗೆ ಕಾಲಂ ಇದೆ. ಕಿವಿ ಕತ್ತರಿಸಿದ್ದೀರಾ ಅನ್ನುವ ಪ್ರಶ್ನೆ ಇಲ್ಲ. ಸೇರಿಸಿ ಅಂತ ಮೆಸೇಜ್ ಹಾಕಿದೆ, ಹೆಬ್ಬೆರಳು ಬಂತು, ಕಾಲಂ ಬರಲಿಲ್ಲ. ಈ ಬೆಕ್ಕನ್ನು ಹೇಗೆ ತುಂಬಿಸುವುದು ಅಂತ ಕೇಳಿದ್ದಕ್ಕೆ ಕೋಆರ್ಡಿನೇಟರ್, "ಒಂದು ಆಪರೇಷನ್ ಅಂತಲೇ ಹಾಕಿ ಸರ್, ಟಾರ್ಗೆಟ್‌ಗೆ ಸೇರುತ್ತೆ" ಅಂದರು. ವರ್ಷದ ವರದಿಯಲ್ಲಿ ಚಿನ್ನಿ ಒಂದು, ರಾಜ ಒಂದು.

ಮುಂದಿನ ಭಾನುವಾರ ಕೋಟೆ ಕಡೆ ಹೋಗುತ್ತಿದ್ದೇವೆ. ಆ ಕಡೆ ಬೆಕ್ಕಿಗೆ ಊಟ ಹಾಕುವವರು ಶನಿವಾರ ರಾತ್ರಿ ದಯವಿಟ್ಟು ಹಾಕಬೇಡಿ, ನೀರು ಮಾತ್ರ ಇಡಿ. ಹಳೇ ಬೆಡ್‌ಶೀಟ್ ಇದ್ದರೆ ಕ್ಲಿನಿಕ್‌ಗೆ ತಂದುಕೊಡಿ, ನಮ್ಮವು ಯಾವುದೂ ಒಣಗುತ್ತಿಲ್ಲ.