ಹಣೆಯ ಮೇಲಿನ ಎಣ್ಣೆ

ನಾಲ್ಕು ದಿನವಾಯಿತು. ಅಕ್ಕನ ಅಂಗೈಯಲ್ಲಿ ಇನ್ನೂ ಆ ಎಣ್ಣೆಯ ವಾಸನೆ ಇದೆ ಅಂತಲೇ ನನಗೆ ಅನ್ನಿಸುತ್ತದೆ. ಇರಲಿಕ್ಕಿಲ್ಲ ಬಿಡಿ. ಆಲಿವ್ ಎಣ್ಣೆಗೆ ಅಂಥ ದೊಡ್ಡ ವಾಸನೆಯೂ ಇಲ್ಲ. ಆದರೂ ಅವಳು ಪಕ್ಕದಲ್ಲಿ ಹಾದುಹೋದರೆ ನನ್ನ ಮೂಗು ಅದನ್ನೇ ಹುಡುಕುತ್ತದೆ.

ಮರಿಯ ಮಾತೆಯ ಹಬ್ಬದ ನವೇನದಲ್ಲಿ, ಅಂದರೆ ಒಂಬತ್ತು ದಿನದ ಪ್ರಾರ್ಥನೆಯಲ್ಲಿ, ನಮ್ಮ ಚರ್ಚಿನವರು ಒಂದು ದಿನವನ್ನು ಕಾಯಿಲೆಯವರಿಗೆ ಅಂತ ಇಡುತ್ತಾರೆ. ಅವತ್ತು ಪೂಜೆಯ ನಡುವೆ ಫಾದರ್ ಕೆಳಗಿಳಿದು ಬಂದು, ಸಾಲಾಗಿ ಕುಳಿತವರಿಗೆ ಎಣ್ಣೆ ಹಚ್ಚಿದರು. ಮೊದಲು ಹಣೆಗೆ, ಆಮೇಲೆ ಎರಡೂ ಅಂಗೈಗೆ. ಅಕ್ಕನಿಗೆ ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೂಜಿ ಚುಚ್ಚಿ ಚುಚ್ಚಿ ಗಂಟು ಕಟ್ಟಿದ ಅವಳ ಕೈಯನ್ನು ಫಾದರ್ ಹಿಡಿದುಕೊಂಡು, ನಿಧಾನವಾಗಿ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿದರು. ಆ ಕೈಯನ್ನು ನರ್ಸುಗಳು ಬಿಟ್ಟು ಬೇರೆ ಯಾರಾದರೂ ಮುಟ್ಟಿ ಎಷ್ಟು ದಿನ ಆಗಿತ್ತೋ. ನಾನೂ ಮುಟ್ಟಿರಲಿಲ್ಲ, ನೋವಾದೀತು ಅಂತ.

ಅಜ್ಜಿಯ ಕಾಲದಲ್ಲಿ ಈ ಎಣ್ಣೆ ಅಂದರೆ ನಡುಕ. ಅದನ್ನು ಎಲ್ಲರೂ ಕಡೇ ಅಭ್ಯಂಗ ಅಂತಲೇ ಕರೆಯುತ್ತಿದ್ದರು. ಸ್ವಾಮಿಗಳು ಎಣ್ಣೆ ಡಬ್ಬಿ ಹಿಡಿದು ಬೀದಿಗೆ ಬಂದರು ಅಂದರೆ ಮುಗಿಯಿತು, ಪಕ್ಕದ ಮನೆಯವರು ಬಂದು "ಯಾವಾಗ ಹೋದ್ರು?" ಅಂತ ಕೇಳುತ್ತಿದ್ದರಂತೆ. ಒಳಗೆ ಕಾಯಿಲೆಯವರು ಎದ್ದು ಕುಳಿತು ಗಂಜಿ ಕುಡಿಯುತ್ತಿರುತ್ತಿದ್ದರು! 1960ರ ದಶಕದಲ್ಲಿ ರೋಮಿನಲ್ಲಿ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು ಸರಿಮಾಡಿತು. ಇದು ಸಾಯುವ ಗಳಿಗೆಗೆ ಮಾತ್ರ ಅಲ್ಲ, ಕಾಯಿಲೆ ಬಿದ್ದವರಿಗೆ ಅಂತ ಹೇಳಿತು. 1972ರಲ್ಲಿ ಆರನೇ ಪೌಲ್ ಪೋಪರು ಹೊಸ ವಿಧಿ ತಂದಾಗ ಇನ್ನೊಂದು ಮಾತೂ ಸೇರಿಸಿದರು: ಆಲಿವ್ ಎಣ್ಣೆ ಸಿಗದ ಕಡೆ ಬೇರೆ ಗಿಡಮರದ ಎಣ್ಣೆಯೂ ಆದೀತು. ಇದನ್ನು ಓದಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಏಕೆಂದರೆ ನಮ್ಮ ಅಜ್ಜಿ ಯಾರ ಅಪ್ಪಣೆಗೂ ಕಾಯದೆ ಕೊಬ್ಬರಿ ಎಣ್ಣೆಯಲ್ಲೇ ನಮ್ಮೆಲ್ಲರ ಹಣೆಗೆ ಶಿಲುಬೆ ಹಾಕುತ್ತಿದ್ದಳು. ಅದು ಚರ್ಚಿನ ಪವಿತ್ರ ಸಂಸ್ಕಾರ ಅಲ್ಲ, ಗೊತ್ತು. ಜ್ವರ ಬಂದ ಮಗುವಿಗೆ ಆ ವ್ಯತ್ಯಾಸ ಎಲ್ಲಿ ತಿಳಿಯುತ್ತದೆ?

ಸೆಪ್ಟೆಂಬರ್ 8, ಮಾತೆಯ ಹಬ್ಬ ಬಂದರೆ ಅಜ್ಜಿ ನಮ್ಮನ್ನು ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಾಗೆ ಎಳೆದುಕೊಂಡು ಹೋಗುತ್ತಿದ್ದಳು. ಕಾವಿ ಬಟ್ಟೆ ಉಟ್ಟವರ ಗುಂಪು, ಮೇಣದ ಬತ್ತಿಯ ಹೊಗೆ, ಸೀರೆ ಉಟ್ಟ ಮಾತೆ, ತೇರು. ಅಜ್ಜಿಯ ಚೀಲದಲ್ಲಿ ಜಪಸರ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ಒಂದೇ ತಗಡಿನ ಡಬ್ಬಿಯಲ್ಲಿ ಇರುತ್ತಿದ್ದವು. ಜಪಸರ ತೆಗೆದರೆ ಮಾತ್ರೆ ಉದುರುತ್ತಿತ್ತು. ಮಾತ್ರೆ ತೆಗೆದರೆ ಮಣಿ ಸಿಕ್ಕಿಕೊಳ್ಳುತ್ತಿತ್ತು. "ಬೇರೆ ಬೇರೆ ಇಡಬಾರದಾ ಅಜ್ಜಿ?" ಅಂದರೆ, "ಎರಡೂ ಅವಳೇ ಕೊಟ್ಟಿದ್ದು, ಇರ್ಲಿ ಬಿಡು ಮಗಾ" ಅನ್ನುವಳು.

ಆ ಬಸಿಲಿಕಾ ಇರುವ ಜಾಗದಲ್ಲಿ ಮೊದಲು ಒಂದು ಪುಟ್ಟ ಗುಡಿ ಕಟ್ಟಿದವರು ಫ್ರಾನ್ಸಿನಿಂದ ಬಂದ ಪಾದ್ರಿ ಅಬ್ಬೆ ದ್ಯುಬುವಾ, ನಮ್ಮವರ ಬಾಯಲ್ಲಿ ದೊಡ್ಡಸ್ವಾಮಿ. ಮೈಸೂರು ಸೀಮೆಯ ಜನ ಸಿಡುಬಿನ ದಾಕು ಹಾಕಿಸಿಕೊಳ್ಳಲಿ ಅಂತ ಓಡಾಡಿದವರೂ ಅವರೇ. ಮಾತೆಗೆ ಗುಡಿ ಕಟ್ಟಿದ ಕೈಯೇ ಸೂಜಿಗೂ ದಾರಿ ಮಾಡಿತು. ಅಜ್ಜಿಗೆ ಈ ಕತೆ ಗೊತ್ತಿತ್ತೋ ಇಲ್ಲವೋ, ಅವಳ ತಗಡಿನ ಡಬ್ಬಿಗಂತೂ ಗೊತ್ತಿತ್ತು.

ಇದನ್ನೆಲ್ಲ ಬರೆಯಲು ಒಂದು ಕಾರಣ ಇದೆ. ಹೋದ ವರ್ಷ ಯಾರೋ ಒತ್ತಾಯ ಮಾಡಿದರು ಅಂತ ಅಕ್ಕನನ್ನು ಒಂದು ಸ್ವಸ್ಥತಾ ಕೂಟಕ್ಕೆ, ಅಂದರೆ ಕಾಯಿಲೆ ವಾಸಿಯಾಗಲಿ ಅಂತ ಪ್ರಾರ್ಥಿಸುವ ಕೂಟಕ್ಕೆ, ಕರೆದುಕೊಂಡು ಹೋಗಿದ್ದೆ. ಹಾಡು, ಕಣ್ಣೀರು ಎಲ್ಲ ಚೆನ್ನಾಗಿತ್ತು. ಕೊನೆಗೆ ಪ್ರಾರ್ಥನೆ ಮಾಡಿದವರು ಅಕ್ಕನನ್ನು ನೋಡಿ, "ನಿಮ್ಮಲ್ಲಿ ನಂಬಿಕೆ ಕಡಿಮೆ ಇದೆ, ಅದಕ್ಕೇ ವಾಸಿ ಆಗ್ತಿಲ್ಲ" ಅಂದರು. ಮನೆಗೆ ಬರುವವರೆಗೂ ಅಕ್ಕ ಮಾತಾಡಲಿಲ್ಲ. ಕಿಡ್ನಿ ಹೋದದ್ದಕ್ಕಿಂತ ಆ ಮಾತು ಅವಳನ್ನು ಜಾಸ್ತಿ ಕುಗ್ಗಿಸಿತು. ಎಲ್ಲ ಕೂಟಗಳೂ ಹೀಗೆ ಅಂತ ನಾನು ಹೇಳುವುದಿಲ್ಲ. ಆದರೆ ಹುಟ್ಟು ಕುರುಡನನ್ನು ಕಂಡು "ಯಾರು ಮಾಡಿದ ಪಾಪ?" ಅಂತ ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಏನೆಂದರು? ಇವನದ್ದೂ ಅಲ್ಲ, ಇವನ ತಂದೆತಾಯಿಯದ್ದೂ ಅಲ್ಲ ಅಂದರು. ಬೈಬಲಿನ ಸಂತ ಪೌಲನು ತನ್ನ ಮೈಯಲ್ಲಿ ನಾಟಿದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಪೌಲನಿಗೂ ನಂಬಿಕೆ ಕಡಿಮೆ ಇತ್ತು ಅನ್ನೋಣವಾ? ಅದೇ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಬರೆದ. ಅವನ ಜೊತೆ ತಿರುಗಾಡಿದ ಲೂಕನು ವೈದ್ಯನೇ ಆಗಿದ್ದ.

ಎಣ್ಣೆಯ ವಿಷಯ ಬರುವುದು ಬೈಬಲಿನ ಯಕೋಬನ ಪತ್ರದಲ್ಲಿ. ಕಾಯಿಲೆಯವನಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ಕರ್ತನು ಅವನನ್ನು ಎಬ್ಬಿಸುವನು ಅನ್ನುತ್ತಾನೆ. ಎಬ್ಬಿಸುವನು ಅಂದರೆ ಎಲ್ಲಿಂದ? ಶಿಷ್ಯ ಪೇತ್ರನ ಅತ್ತೆ ಜ್ವರದಲ್ಲಿ ಮಲಗಿದ್ದಾಗ ಯೇಸುಸ್ವಾಮಿ ಕೈಹಿಡಿದು ಎಬ್ಬಿಸಿದರು. ಅಲ್ಲೂ ಇದೇ ಮಾತು. ಸಮಾಧಿಯಿಂದ ಎಬ್ಬಿಸುವುದಕ್ಕೂ ಮೂಲ ಗ್ರೀಕಿನಲ್ಲಿ ಇದೇ ಮಾತು. ನಾನು ಎರಡನ್ನೂ ಬೇಡುತ್ತೇನೆ. ಮೊದಲನೆಯದನ್ನು ಸ್ವಲ್ಪ ಜೋರಾಗಿಯೇ ಬೇಡುತ್ತೇನೆ, ಸುಳ್ಳು ಯಾಕೆ ಹೇಳಲಿ.

ಈಗ ನವೇನ ಅಂದರೆ ಫೋನಿನಲ್ಲಿ ನೋಡಿ ಮುಗಿಸುವವರು ಜಾಸ್ತಿ ಆಗಿದ್ದಾರೆ. ಕೆಲಸ, ಟ್ರಾಫಿಕ್ಕು, ಎಲ್ಲ ಒಪ್ಪಿದೆ. ಆದರೆ ಫೋನು ಯಾರ ಅಂಗೈಯನ್ನೂ ಹಿಡಿಯುವುದಿಲ್ಲ, ಅಲ್ವಾ? ಅವತ್ತು ಎಣ್ಣೆ ಹಚ್ಚಿಸಿಕೊಳ್ಳಲು ಬಂದ ಅರ್ಧ ಜನ ಒಬ್ಬರೇ ಬಂದಿದ್ದರು. ಆಟೋದವರು ಕೈಕೊಟ್ಟು ಇಳಿಸುತ್ತಿದ್ದರು. ಮನೆಮಂದಿ ಎಲ್ಲಿ ಅಂತ ಕೇಳುವ ಹಾಗೂ ಇರಲಿಲ್ಲ.

ಪೂಜೆ ಮುಗಿದ ಮೇಲೆ ಅಕ್ಕ ಬೆಂಚಿನ ಮೇಲೆ ಹಾಗೇ ಕುಳಿತಿದ್ದಳು, ಎರಡೂ ಅಂಗೈ ಮೇಲೆ ಮಾಡಿಕೊಂಡು. ರಾತ್ರಿಯ ಮಾತ್ರೆಗೆ ಹೊತ್ತಾಗಿತ್ತು. ಊಟದ ಡಬ್ಬಿ ತೆಗೆದು, "ಕೈ ತೊಳ್ಕೊಂಡು ಬಾ" ಅಂದೆ.

"ಈಗಲೇ ತೊಳೀಬೇಕಾ?" ಅಂದಳು.

ಬೇಡ ಅಂದೆ. ಇಡ್ಲಿ ಮುರಿದು ನಾನೇ ಅವಳ ಬಾಯಿಗೆ ಇಟ್ಟೆ, ಆಮೇಲೆ ಮಾತ್ರೆಯನ್ನೂ. ಡಾಕ್ಟರು ಅಳೆದುಕೊಟ್ಟಷ್ಟೇ ನೀರು ಕುಡಿದು ನುಂಗಿದಳು. ಚರ್ಚಿನ ಹುಡುಗ ಬಂದು ಫ್ಯಾನು, ದೀಪ ಒಂದೊಂದಾಗಿ ಆರಿಸುತ್ತಿದ್ದ. ನಮ್ಮ ಸಾಲಿನ ಮೇಲಿನ ದೀಪ ಒಂದನ್ನು ಮಾತ್ರ ಹಾಗೇ ಬಿಟ್ಟ.